ಆಪ್ಟ್ ಮತ್ತು ಡಿಎನ್‌ಎಫ್: ಒಂದೇ ವೆಬ್‌ಸೈಟ್, ಎರಡು ಸರ್ವರ್

ನಮ್ಮ ಹವ್ಯಾಸಿ ನಾಟಕ ತಂಡದ ವೆಬ್‌ಸೈಟ್ ನೋಡಿಕೊಳ್ಳುವುದು ನಾನೊಬ್ಬನೇ. ಅದು ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ನ ಮೇಲೆ ಓಡುತ್ತಿತ್ತು. 2024ರ ಜೂನ್ 30ಕ್ಕೆ ಅದರ ಅಪ್‌ಡೇಟ್ ನಿಂತಿತು. ಜನ ಟಿಕೆಟ್ ಬುಕ್ ಮಾಡುವ ಸೈಟನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. 1 ಜಿಬಿ ರ‍್ಯಾಮ್‌ನ ಎರಡು ಸರ್ವರ್ ಬಾಡಿಗೆಗೆ ತಗೊಂಡೆ. ಒಂದಕ್ಕೆ ಡೆಬಿಯನ್ 12, ಇನ್ನೊಂದಕ್ಕೆ ಆಲ್ಮಾಲಿನಕ್ಸ್ 9. ಎರಡೂ ಲಿನಕ್ಸ್‌ನ ಬಗೆಗಳೇ. ಸಾಫ್ಟ್‌ವೇರ್ ಹಾಕಲು, ತೆಗೆಯಲು ಡೆಬಿಯನ್‌ನಲ್ಲಿ ಆಪ್ಟ್, ಆಲ್ಮಾದಲ್ಲಿ ಡಿಎನ್‌ಎಫ್ ಎಂಬ ಕಮಾಂಡ್ ಇದೆ. ಎರಡರಲ್ಲೂ ಅದೇ ಸೈಟ್ ಹಾಕಿ ನೋಡಿದೆ. ಬೇಕಿದ್ದದ್ದು ಪುಟ ಕೊಡುವ ವೆಬ್ ಸರ್ವರ್ ಎಂಜಿನ್‌ಎಕ್ಸ್, ನಮ್ಮ ಆ್ಯಪ್ ಓಡಿಸುವ ನೋಡ್, ಡೇಟಾಬೇಸ್ ಮಾರಿಯಾಡಿಬಿ, ಅಷ್ಟೇ.

ಡೆಬಿಯನ್‌ನಲ್ಲಿ 'ಆಪ್ಟ್ ಅಪ್‌ಡೇಟ್' ಎಂದರೆ ಪ್ಯಾಕೇಜ್‌ಗಳ (ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಕಟ್ಟುಗಳ) ಪಟ್ಟಿ ಮಾತ್ರ ಹೊಸದಾಗುತ್ತದೆ. ಸಾಫ್ಟ್‌ವೇರ್ ಹೊಸದಾಗಲು 'ಆಪ್ಟ್ ಅಪ್‌ಗ್ರೇಡ್' ಬೇಕು. ಹೊಸ ಸರ್ವರ್‌ನಲ್ಲಿ ಮೊದಲನೆಯದನ್ನು ಮರೆತರೆ ಎಷ್ಟೋ ಸಲ 'ಪ್ಯಾಕೇಜ್ ಸಿಗಲಿಲ್ಲ' ಎಂಬ ಉತ್ತರವೇ ಬರುತ್ತದೆ. ಡಿಎನ್‌ಎಫ್‌ಗೆ ಈ ಎರಡು ಹಂತ ಇಲ್ಲ. ಪಟ್ಟಿ ಹಳೆಯದಾಗಿದ್ದರೆ ತಾನೇ ತಂದುಕೊಳ್ಳುತ್ತದೆ. ಆದರೆ ತರುವಾಗ ನಿಧಾನ, ರ‍್ಯಾಮ್ ಕೂಡ ಜಾಸ್ತಿ ತಿನ್ನುತ್ತದೆ. 512 ಎಂಬಿಯ ಸರ್ವರ್‌ನಲ್ಲಿ ಡಿಎನ್‌ಎಫ್ ಅರ್ಧಕ್ಕೇ 'ಕಿಲ್ಡ್' ಆಗಿದ್ದನ್ನು ಹಿಂದೊಮ್ಮೆ ಕಂಡಿದ್ದೆ. 1 ಜಿಬಿ ತಗೊಂಡಿದ್ದು ಅದಕ್ಕೇ.

ದೊಡ್ಡ ವ್ಯತ್ಯಾಸ ಕಾಣುವುದು ಇನ್‌ಸ್ಟಾಲ್ ಆದ ಮೇಲೆ. ಡೆಬಿಯನ್‌ನಲ್ಲಿ 'ಆಪ್ಟ್ ಇನ್‌ಸ್ಟಾಲ್ ಎಂಜಿನ್‌ಎಕ್ಸ್' ಮುಗಿದ ಕೂಡಲೇ ವೆಬ್ ಸರ್ವರ್ ತಾನೇ ಶುರುವಾಯಿತು. ಬ್ರೌಸರ್‌ನಲ್ಲಿ ಐಪಿ ಹಾಕಿದೆ, ಸ್ವಾಗತದ ಪುಟ ಬಂತು. ಆಲ್ಮಾದಲ್ಲಿ ಪ್ಯಾಕೇಜ್ ಕೂತಿತು, ಆದರೆ ಸುಮ್ನೆ ಕೂತಿತು. 'ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಎಂಜಿನ್‌ಎಕ್ಸ್' ಎಂದು ನಾವೇ ಎಬ್ಬಿಸಬೇಕು. ನನಗೆ ಸಿಕ್ಕ ಸರ್ವರ್‌ನಲ್ಲಿ ಫೈರ್‌ವಾಲ್ ಕೂಡ ಚಾಲೂ ಇತ್ತು, ಎಚ್‌ಟಿಟಿಪಿಗೆ ದಾರಿ ಬಿಡಿಸಬೇಕಾಯಿತು.

ಅಷ್ಟಾದ ಮೇಲೂ ರಾತ್ರಿ ಹನ್ನೊಂದಕ್ಕೆ ಪರದೆಯ ಮೇಲೆ '502 ಬ್ಯಾಡ್ ಗೇಟ್‌ವೇ'. ಅಂದರೆ ಎಂಜಿನ್‌ಎಕ್ಸ್‌ಗೆ ಅದರ ಹಿಂದಿರುವ ಆ್ಯಪ್‌ನಿಂದ ಸರಿಯಾದ ಉತ್ತರ ಸಿಗುತ್ತಿಲ್ಲ. ಸರ್ವರ್ ಒಳಗಿಂದಲೇ ಕರ್ಲ್ ಎಂಬ ಕಮಾಂಡ್‌ನಿಂದ ಆ್ಯಪ್ ಓಡುವ 3000ನೇ ಪೋರ್ಟ್ ಕೇಳಿದರೆ ನಮ್ಮ ಟಿಕೆಟ್ ಆ್ಯಪ್ ಚೆನ್ನಾಗಿಯೇ ಉತ್ತರ ಕೊಡುತ್ತಿತ್ತು. ಎಂಜಿನ್‌ಎಕ್ಸ್‌ನ ಎರರ್ ಲಾಗ್ ತೆಗೆದೆ. '13: ಪರ್ಮಿಷನ್ ಡಿನೈಡ್' ಎಂಬ ಸಾಲು. ಅಡ್ಡ ನಿಂತಿದ್ದು ಎಸ್‌ಇ‌ಲಿನಕ್ಸ್. ಯಾವ ಪ್ರೋಗ್ರಾಂ ಏನು ಮಾಡಬಹುದು ಎಂದು ಕಟ್ಟುಪಾಡು ಹಾಕುವ ಲಿನಕ್ಸ್‌ನ ಕಾವಲುಗಾರ ಅದು. ವೆಬ್ ಸರ್ವರ್ ಹಾಗೆಲ್ಲ ಬೇರೆ ಪೋರ್ಟ್‌ಗೆ ಮಾತಾಡಲು ಅದು ಬಿಡುವುದಿಲ್ಲ. 'ಸೆಟ್‌ಸೆಬೂಲ್ -ಪಿ ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ 1' ಎಂದ ಮೇಲೆ ಪುಟ ತೆರೆಯಿತು. ಇಂಥ ಹೊತ್ತಲ್ಲಿ ಎಸ್‌ಇ‌ಲಿನಕ್ಸನ್ನೇ ಪೂರ್ತಿ ಆಫ್ ಮಾಡುವವರು ಬಹಳ. ದಯವಿಟ್ಟು ಮಾಡಬೇಡಿ. ಬೇಕಾದ ಒಂದು ಬಾಗಿಲು ತೆರೆದರೆ ಸಾಕು, ಅಲ್ವಾ?

ನೋಡ್ ವಿಷಯದಲ್ಲಿ ಆಲ್ಮಾ ಮುಂದು. ಡೆಬಿಯನ್ 12 ಕೊಡುವುದು 18ನೇ ಆವೃತ್ತಿ ಮಾತ್ರ. ಡಿಎನ್‌ಎಫ್‌ನಲ್ಲಿ ಮಾಡ್ಯೂಲ್ ಎಂಬ ಏರ್ಪಾಡಿದೆ, 18, 20ರಂಥ ಆವೃತ್ತಿಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ನಮ್ಮ ಆ್ಯಪ್‌ಗೆ 18 ಸಾಕಾಗಿತ್ತು.

ಡಿಎನ್‌ಎಫ್ ನನ್ನ ಮನಸ್ಸು ಗೆದ್ದಿದ್ದು ಬೇರೆ ಕಡೆ. ಪೋಸ್ಟರ್ ಚಿಕ್ಕದು ಮಾಡಲು ಇಮೇಜ್‌ಮ್ಯಾಜಿಕ್ ಹಾಕಿದೆ. ಅದರ ಬೆನ್ನಿಗೆ ಫಾಂಟು, ಲೈಬ್ರರಿ ಅಂತ ಹತ್ತಾರು ಪ್ಯಾಕೇಜ್ ಬಂದವು. ಆಮೇಲೆ ಬೇಡ ಅನ್ನಿಸಿತು. 'ಡಿಎನ್‌ಎಫ್ ಹಿಸ್ಟರಿ' ಎಂದರೆ ನಾನು ಮಾಡಿದ ಕೆಲಸಗಳೆಲ್ಲ ನಂಬರ್ ಹಾಕಿಕೊಂಡು ನಿಂತಿದ್ದವು, ಇಮೇಜ್‌ಮ್ಯಾಜಿಕ್‌ನದ್ದು 14. 'ಡಿಎನ್‌ಎಫ್ ಹಿಸ್ಟರಿ ಅನ್‌ಡೂ 14' ಎಂದೆ. ಬಂದವೆಲ್ಲ ಒಟ್ಟಿಗೆ ಹೋದವು. ಡೆಬಿಯನ್ 12ರ ಆಪ್ಟ್‌ನಲ್ಲಿ ಇದಿಲ್ಲ. ಲಾಗ್ ಓದಿ, 'ಪರ್ಜ್' ಮಾಡಿ, 'ಆಟೋರಿಮೂವ್' ಮಾಡಿ ನಾವೇ ಗುಡಿಸಬೇಕು. ಬರೀ 'ರಿಮೂವ್' ಎಂದರೆ ಕಾನ್ಫಿಗ್ (ಸೆಟ್ಟಿಂಗ್) ಫೈಲ್‌ಗಳು ಅಲ್ಲೇ ಉಳಿಯುತ್ತವೆ.

ಮೂರನೇ ದಾರಿಯನ್ನೂ ನೋಡಿದೆ: ಎಂಜಿನ್‌ಎಕ್ಸ್‌ನ ಸೋರ್ಸ್ ಕೋಡ್ ತಂದು ಕಂಪೈಲ್ ಮಾಡುವುದು, ಅಂದರೆ ಓಡುವ ಪ್ರೋಗ್ರಾಂ ಆಗಿ ನಾವೇ ಕಟ್ಟಿಕೊಳ್ಳುವುದು. ಆಗುತ್ತದೆ, ಕಷ್ಟವೇನಿಲ್ಲ. ಆದರೆ ಅದಕ್ಕೆ ಮುಂದೆ ಅಪ್‌ಡೇಟ್ ತರುವವರು ಯಾರೂ ಇಲ್ಲ. ಪ್ರತಿ ಭದ್ರತಾ ದೋಷಕ್ಕೂ ನಾನೇ ಮತ್ತೆ ಕಂಪೈಲ್ ಮಾಡಬೇಕು. ಡೆಬಿಯನ್‌ನ ಎಂಜಿನ್‌ಎಕ್ಸ್ 1.22 ನಂಬರ್ ನೋಡಿದರೆ ಹಳತು ಅನ್ನಿಸಬಹುದು. ಆದರೆ ನಂಬರ್ ಬದಲಿಸದೆಯೇ ಭದ್ರತೆಯ ತಿದ್ದುಪಡಿಗಳನ್ನು ಅದರೊಳಗೆ ಸೇರಿಸುತ್ತಾ ಇರುತ್ತಾರೆ. ವಿಶೇಷ ಕಾರಣ ಇಲ್ಲದಿದ್ದರೆ ಕಂಪೈಲ್ ಬೇಡ.

ಕೊನೆಗೆ ಸೈಟನ್ನು ಡೆಬಿಯನ್‌ಗೆ ಒಯ್ದೆ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತರುವ ಸರ್ಟ್‌ಬಾಟ್ ಅಲ್ಲಿ ನೇರವಾಗಿ ಸಿಕ್ಕಿತು, ಆಲ್ಮಾದಲ್ಲಿ ಮೊದಲು ಎಪೆಲ್ ಎಂಬ ಹೆಚ್ಚುವರಿ ಪ್ಯಾಕೇಜ್ ಭಂಡಾರ ಸೇರಿಸಬೇಕಾಗಿತ್ತು. 'ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್' ಹಾಕಿದ್ದೇನೆ, ಭದ್ರತೆಯ ಅಪ್‌ಡೇಟ್ ತಾನಾಗಿ ಬರುತ್ತದೆ. ಅದು ಓಡುವಾಗ ನೀವು ಆಪ್ಟ್ ಹೊಡೆದರೆ 'ಲಾಕ್ ಸಿಗಲಿಲ್ಲ' ಎನ್ನುತ್ತದೆ. ಲಾಕ್ ಫೈಲ್ ಅಳಿಸಲು ಹೋಗಬೇಡಿ, ಒಂದೈದು ನಿಮಿಷ ಕಾಯಿರಿ. ನಾಳೆ ತಂಡದ ಇನ್ನಿಬ್ಬರಿಗೂ ಸರ್ವರ್‌ನ ಲಾಗಿನ್ ಕೊಡುವ ದಿನ ಬಂದರೆ ಮಾತ್ರ ಆಲ್ಮಾಗೆ ಹೋಗುತ್ತೇನೆ. ಯಾರು, ಯಾವಾಗ, ಯಾವ ಡಿಎನ್‌ಎಫ್ ಕಮಾಂಡ್ ಕೊಟ್ಟರು ಅನ್ನುವುದು ಅದರ ಹಿಸ್ಟರಿಯಲ್ಲಿ ಇರುತ್ತದೆ.