ಶಿವಮೊಗ್ಗದ ಮನೆ ಕಂದಾಯ: ಕಟ್ಟುವುದು ಸಲೀಸು, ತಿದ್ದಿಸುವುದು ಪಡಿಪಾಟಲು

ಹಣ ಕಟ್ಟುವ ಅನುಕೂಲಕ್ಕೆ ಐದರಲ್ಲಿ ನಾಲ್ಕು ಅಂಕ. ದಾಖಲೆಯ ತಪ್ಪು ತಿದ್ದಿಸುವ ಅನುಕೂಲಕ್ಕೆ ಒಂದೂವರೆ. ಕಟ್ಟಿದ ಹಣ ಮನೆ ಮುಂದಿನ ಬೀದಿಯಲ್ಲಿ ಕಾಣುವುದಕ್ಕೆ ಎರಡು, ಅದೂ ಯಾವ ಬಡಾವಣೆ ಎಂಬುದರ ಮೇಲೆ. ಶಿವಮೊಗ್ಗ ನಗರದ ಆಸ್ತಿ ತೆರಿಗೆಯನ್ನು, ಅಂದರೆ ಎಲ್ಲರ ಬಾಯಲ್ಲಿರುವ ‘ಮನೆ ಕಂದಾಯ’ವನ್ನು, ಒಂದು ಸೇವೆಯೆಂದು ತೂಗಿ ನೋಡಿದರೆ ಲೆಕ್ಕ ಹೀಗೆ ಬರುತ್ತದೆ. ಇಷ್ಟವಿಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತೇವೆ ಎನ್ನುವಂಥ ಸೇವೆ ಇದಲ್ಲ. ಹಾಗಾಗಿ ಅಂಕಕ್ಕಿಂತ ಬಿಲ್ಲಿನ ಒಳಗುಟ್ಟು ಮುಖ್ಯ.

ಕಂದಾಯದ ಏರಿಕೆ ಎಲ್ಲಿಂದ ಬಂತು ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ. ಹಿಂದಿನ ಪದ್ಧತಿಯಲ್ಲಿ 2005-06ರ ಮಾರ್ಗಸೂಚಿ ದರವನ್ನೇ ಆಧಾರವಾಗಿಟ್ಟುಕೊಂಡು ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ. 15ರಷ್ಟು ಏರಿಸುತ್ತಿದ್ದರು. ಕಾಯ್ದೆಗೆ ತಿದ್ದುಪಡಿಯಾಗಿ 2021-22ರಿಂದ ಆ ಹಳೆಯ ಬುನಾದಿ ಹೋಯಿತು. ಈಗ ಆಯಾ ವರ್ಷ ಜಾರಿಯಲ್ಲಿರುವ ಮಾರ್ಗಸೂಚಿ ದರವೇ ಆಧಾರ. ಅದರ ಶೇ. 25 ಭಾಗವನ್ನು ತೆರಿಗೆ ಹಾಕಬಹುದಾದ ಮೌಲ್ಯವೆಂದು ಹಿಡಿದು, ಅದರ ಮೇಲೆ ಸ್ಥಳೀಯ ಸಂಸ್ಥೆ ಗೊತ್ತು ಮಾಡಿದ ದರ ಹಾಕುತ್ತಾರೆ. ಮಾರ್ಗಸೂಚಿ ದರ ಎಂದರೆ ಉಪ ನೋಂದಣಿ ಕಚೇರಿಯಲ್ಲಿ ಕ್ರಯಪತ್ರ ಮಾಡಿಸುವಾಗ ಮುದ್ರಾಂಕ ಶುಲ್ಕಕ್ಕೆ ನೋಡುತ್ತಾರಲ್ಲ, ಅದೇ ಪಟ್ಟಿ. ರಾಜ್ಯದಾದ್ಯಂತ ಈ ಪಟ್ಟಿ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆಯಾಯಿತು. ಮನೆ ಮಾರುವವರಿಗೂ ಕೊಳ್ಳುವವರಿಗೂ ತಟ್ಟುವ ಬಿಸಿ ಈ ಪದ್ಧತಿಯಲ್ಲಿ ಸುಮ್ಮನೆ ಮನೆಯಲ್ಲಿ ವಾಸವಿರುವವರಿಗೂ ತಟ್ಟುತ್ತದೆ. ಒಂದು ಇಟ್ಟಿಗೆ ಸೇರಿಸದಿದ್ದರೂ ಕಂದಾಯ ಏರುವುದು ಇದರಿಂದ.

ಒಂದು ಉದಾಹರಣೆ ಹಾಕಿ ನೋಡಿ. ಕೆಳಗಿನ ದರಗಳೆಲ್ಲ ಲೆಕ್ಕ ತೋರಿಸಲು ಹಿಡಿದುಕೊಂಡವು, ನಿಮ್ಮ ರಸ್ತೆಯ ದರ ಬೇರೆ ಇರುತ್ತದೆ. ಮೂವತ್ತು-ನಲವತ್ತರ ನಿವೇಶನ, ಅಂದರೆ 1,200 ಚದರಡಿ. ಚದರಡಿಗೆ 1,500 ರೂಪಾಯಿಯಂತೆ ಜಾಗದ ಬೆಲೆ 18 ಲಕ್ಷ. ಮನೆ 1,000 ಚದರಡಿ, ಕಟ್ಟಡದ ದರ 1,200 ಎಂದರೆ 12 ಲಕ್ಷ, ಮನೆ ಹಳತಾದ್ದಕ್ಕೆ ಸವಕಳಿ ಶೇ. 10 ಕಳೆದರೆ 10.80 ಲಕ್ಷ. ಎರಡೂ ಸೇರಿ 28.80 ಲಕ್ಷ. ಇದರ ಕಾಲು ಭಾಗ 7.20 ಲಕ್ಷ. ಅದಕ್ಕೆ ಶೇ. 0.5 ದರ ಹಾಕಿದರೆ ತೆರಿಗೆ 3,600 ರೂಪಾಯಿ. ಈ ಮೊತ್ತದಲ್ಲಿ 2,250 ಬರೀ ಜಾಗಕ್ಕೆ, 1,350 ಮಾತ್ರ ಮನೆಗೆ. ಗ್ರಾನೈಟ್ ಹಾಕಿಸಿದ್ದಕ್ಕೆ ಕಂದಾಯ ಜಾಸ್ತಿಯಾಯಿತು ಎಂದುಕೊಳ್ಳುವವರಿದ್ದಾರೆ. ಅಲ್ಲ, ನಿಮ್ಮ ಕಂದಾಯವನ್ನು ಮೇಲೆತ್ತುವುದು ಹೆಚ್ಚಾಗಿ ಮನೆ ಮುಂದಿನ ರಸ್ತೆ.

ಇದರ ಮೇಲೆ ಉಪಕರ. ಬಿಲ್ಲಿನಲ್ಲಿ ಹೆಚ್ಚಿನವರು ಕಣ್ಣು ಹಾಯಿಸದ ಸಾಲುಗಳು ಇವೇ, ಆದರೆ ‘ಇಷ್ಟು ಕಟ್ಟಿ ನಮಗೇನು ಸಿಕ್ಕಿತು’ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3. ಒಟ್ಟು ಶೇ. 24. ನಮ್ಮ ಉದಾಹರಣೆಯಲ್ಲಿ 864 ರೂಪಾಯಿ, ಒಟ್ಟು ಬಿಲ್ 4,464. ಈ 864 ರೂಪಾಯಿಯಿಂದ ನಿಮ್ಮ ಬೀದಿಗೆ ಒಂದು ಬಲ್ಬೂ ಬರುವುದಿಲ್ಲ. ಆರೋಗ್ಯದ್ದು ರಾಜ್ಯದ ಬೊಕ್ಕಸಕ್ಕೆ, ಗ್ರಂಥಾಲಯದ್ದು ಗ್ರಂಥಾಲಯ ವ್ಯವಸ್ಥೆಗೆ, ಭಿಕ್ಷುಕರದ್ದು ನಿರಾಶ್ರಿತರ ಪರಿಹಾರಕ್ಕೆ. ಪಾಲಿಕೆಗೆ ಉಳಿಯುವುದು ವಸೂಲಿ ಮಾಡಿಕೊಟ್ಟದ್ದಕ್ಕೆ ಸಿಗುವ ಸಣ್ಣ ಪಾಲು. ಅಂದರೆ ನೀವು ಕಟ್ಟುವ 124 ರೂಪಾಯಿಯಲ್ಲಿ 24, ಹೆಚ್ಚುಕಡಿಮೆ ಐದರಲ್ಲೊಂದು ಪಾಲು, ಊರಿನ ಚರಂಡಿಯ ಹತ್ತಿರವೂ ಸುಳಿಯುವುದಿಲ್ಲ. ತೆರಿಗೆ ಏರಿದಾಗ ಶೇಕಡಾವಾರು ಲೆಕ್ಕದಲ್ಲಿ ಇದೂ ತಾನಾಗಿ ಏರುತ್ತದೆ. ಜಾಗದ ದರ 1,500ರಿಂದ 1,950 ಆಯಿತೆನ್ನಿ, ತೆರಿಗೆ 675 ಹೆಚ್ಚಿ ಅದರ ಹಿಂದೆ 162 ಉಪಕರವೂ ಬರುತ್ತದೆ. ಏರಿಕೆಗೆ ಬೈಗುಳ ತಿನ್ನುವುದು ಪಾಲಿಕೆ, ಏರಿಕೆಯ ಒಂದು ಪಾಲು ಮಾತ್ರ ಬೇರೆಯವರ ಜೇಬಿಗೆ.

ಇನ್ನು ಘನತ್ಯಾಜ್ಯದ ಶುಲ್ಕ ಕಂದಾಯದ ಜೊತೆಗೇ ಬಿಲ್ಲಿಗೆ ಬರುತ್ತದೆ, ಆದರೆ ಅದು ಮನೆಯ ಅಳತೆ ಮತ್ತು ಬಳಕೆಯ ಮೇಲೆ ಬೇರೆ ಲೆಕ್ಕ. ನೀರಿನ ಬಿಲ್ ಇದರಲ್ಲಿ ಸೇರಿಲ್ಲ, ಒಳಚರಂಡಿ ಶುಲ್ಕವೂ ಇಲ್ಲ.

ಕೌಂಟರಿನಲ್ಲಿ ನಿಂತು ದರದ ಬಗ್ಗೆ ಜಗಳ ಮಾಡಿದರೆ ಏನೂ ಗಿಟ್ಟುವುದಿಲ್ಲ. ಚಲನ್ ಕೊಡುವವರ ಕೈಯಲ್ಲಿ ದರ ಇಲ್ಲ. ಜಗಳಕ್ಕೆ ಅರ್ಹವಾದದ್ದು ನಿಮ್ಮ ಆಸ್ತಿಯ ದಾಖಲೆ. ಅಲ್ಲಿ ಆಗುವ ತಪ್ಪು ದರ ಏರಿಕೆಗಿಂತ ದುಬಾರಿ, ಮೇಲಾಗಿ ವರ್ಷ ವರ್ಷ ಮರುಕಳಿಸುತ್ತದೆ.

ಮೊದಲು ರಸ್ತೆಯ ಹೆಸರು ನೋಡಿ. ಮಾರ್ಗಸೂಚಿ ದರ ರಸ್ತೆ, ಬಡಾವಣೆಯ ಪ್ರಕಾರ ಇರುತ್ತದೆ. ವಿನೋಬನಗರದಲ್ಲೋ ಗೋಪಾಳದಲ್ಲೋ ಒಳಗಿನ ಅಡ್ಡರಸ್ತೆಯ ಮನೆಯನ್ನು ಮುಖ್ಯರಸ್ತೆಗೆ ಸೇರಿಸಿಬಿಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. ಮೇಲಿನ ಉದಾಹರಣೆಯಲ್ಲೇ 1,500ರ ಬದಲು 2,500 ಬಿದ್ದರೆ ವರ್ಷಕ್ಕೆ ಉಪಕರ ಸೇರಿ 1,860 ರೂಪಾಯಿ ಹೆಚ್ಚುವರಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನಿಮ್ಮ ರಸ್ತೆಯ ದರ ನೋಡಬಹುದು, ಲಾಗಿನ್ ಮಾಡಿ ಹಣ ಕಟ್ಟುವ ಮುಂಚೆ ಇದೊಂದನ್ನು ನೋಡಿಕೊಳ್ಳಿ.

ಎರಡನೆಯದು ಅಳತೆಯ ಘಟಕ. ಕ್ರಯಪತ್ರದಲ್ಲಿ ಅಡಿ, ನಗರದ ಆಸ್ತಿ ದಾಖಲೆ ಇರುವ ಇ-ಆಸ್ತಿ ತಂತ್ರಾಂಶದಲ್ಲಿ ಮೀಟರ್. 1,200 ಚದರಡಿ ಎಂದರೆ 111.48 ಚದರ ಮೀಟರ್. ದಶಾಂಶ ಚುಕ್ಕಿ ಜಾರಿದರೆ, ಕಟ್ಟಡದ ವಿಸ್ತೀರ್ಣದ ಜಾಗದಲ್ಲಿ ನಿವೇಶನದ ವಿಸ್ತೀರ್ಣ ಹೋದರೆ, ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಉಳಿಯುತ್ತದೆ.

ಮಲೆನಾಡಿನ ಮನೆಗಳಿಗೇ ಮೀಸಲಾದ ತಪ್ಪು ಇನ್ನೆರಡಿವೆ. ಒಂದು, ಚಾವಣಿ. ದುರ್ಗಿಗುಡಿ, ಗಾಂಧಿ ಬಜಾರ್ ಸುತ್ತಿನ ಹಳೆಯ ಕೇರಿಗಳಲ್ಲಿ ಜಂಬಿಟ್ಟಿಗೆ ಗೋಡೆಯ ಮೇಲೆ ಮಂಗಳೂರು ಹೆಂಚು ಹೊದ್ದ ಮನೆಗಳು ಇನ್ನೂ ಇವೆ. ಹೆಂಚಿನ ಮನೆಗೂ ಆರ್‌ಸಿಸಿ ಮನೆಗೂ ಕಟ್ಟಡದ ದರ ಬೇರೆ. ದಾಖಲೆಯಲ್ಲಿ ಆರ್‌ಸಿಸಿ ಎಂದಿದ್ದರೆ ಮುತ್ತಜ್ಜನ ಕಾಲದ ಮನೆಗೆ ಹೊಸ ಮನೆಯ ಬೆಲೆ ಕಟ್ಟಿದ ಹಾಗೆ. ಕಟ್ಟಿದ ವರ್ಷವನ್ನು ನಮೂದಿಸದೆ ಖಾಲಿ ಬಿಟ್ಟಿದ್ದರೆ ಸವಕಳಿಯೂ ಸಿಗುವುದಿಲ್ಲ. ಉದಾಹರಣೆಯ ಮನೆಗೆ ಶೇ. 50 ಸವಕಳಿ ಸಲ್ಲಬೇಕಿದ್ದು ಅದು ಸೊನ್ನೆಯಾದರೆ ವರ್ಷಕ್ಕೆ 930 ರೂಪಾಯಿ ಸೋರಿಕೆ. ಎರಡು, ತಾರಸಿಯ ಮೇಲಿನ ಶೀಟು. ಇಲ್ಲಿನ ಮಳೆಗೆ ಆರ್‌ಸಿಸಿ ಜಿನುಗುತ್ತದೆಂದು ಕಬ್ಬಿಣದ ಕಂಬ ನಿಲ್ಲಿಸಿ ತಗಡು ಹೊದಿಸುವುದು ಮಾಮೂಲು. ಗೋಡೆಯಿಲ್ಲದ ಆ ಚಪ್ಪರ ಸಮೀಕ್ಷೆಯಲ್ಲಿ ಮೊದಲ ಮಹಡಿಯೆಂದು ಸೇರಿಕೊಂಡಿದೆಯೇ ನೋಡಿ. ಸೇರಿದ್ದರೆ ನಾಲ್ಕೂ ಬದಿಯಿಂದ ತೆಗೆದ ಫೋಟೊ, ಮಂಜೂರಾದ ನಕ್ಷೆ ಇಟ್ಟು ಅರ್ಜಿ ಕೊಡಿ. ಅಲ್ಲೇ ಒಂದು ರೂಮು ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದರೆ ಮಾತ್ರ ಸುಮ್ಮನಿರುವುದು ವಾಸಿ, ಅದು ಮಹಡಿಯೇ.

ಕೆಳಗೆ ಅಂಗಡಿ, ಮೇಲೆ ವಾಸ ಇರುವ ಕಟ್ಟಡಕ್ಕೆ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ವಾಣಿಜ್ಯದ ದರ ವಾಸದ ದರಕ್ಕಿಂತ ಜಾಸ್ತಿ. ಅಂಗಡಿ ಮುಚ್ಚಿ ಮತ್ತೆ ವಾಸಕ್ಕೆ ಬಳಸುತ್ತಿದ್ದರೂ ದಾಖಲೆ ತಾನಾಗಿ ಬದಲಾಗದು, ಅರ್ಜಿ ಕೊಡದ ಹೊರತು ವಾಣಿಜ್ಯದ ದರವೇ ಓಡುತ್ತಿರುತ್ತದೆ. ಮಾಜಿ ಸೈನಿಕರ ಸ್ವಂತ ವಾಸದ ಮನೆಗೆ ಅರ್ಧ ರಿಯಾಯಿತಿ ಇದೆ, ಅದೂ ಕೇಳಿದವರಿಗೆ.

ಅತಿ ಹೆಚ್ಚು ಜನರನ್ನು ಸುಸ್ತು ಹೊಡೆಸುವುದು ಹಳೆಯ ಬಾಕಿ. ಕೈಬರಹದ ಚಲನ್ ಕಾಲದಲ್ಲಿ ಕಟ್ಟಿದ ಹಣ ತಂತ್ರಾಂಶಕ್ಕೆ ಏರದೆ ಉಳಿದಿದ್ದರೆ ಪರದೆಯ ಮೇಲೆ ಬಾಕಿ, ಅದಕ್ಕೆ ಬಡ್ಡಿ. ಇದನ್ನು ತೆಗೆಸಲು ಬೇಕಾದದ್ದು ಬ್ಯಾಂಕಿನ ಸೀಲು ಇರುವ ಚಲನ್ ಪ್ರತಿ ಮಾತ್ರ, ‘ಕಟ್ಟಿದ್ದೇವೆ ಸಾರ್’ ಎಂಬ ಮಾತಲ್ಲ. ಹಳೇ ಚಲನ್‌ಗಳ ಶಾಯಿ ಮಲೆನಾಡಿನ ತೇವಕ್ಕೆ ಮಾಸುತ್ತದೆ, ಬೂಷ್ಟು ಹಿಡಿಯುತ್ತದೆ. ಇವತ್ತೇ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಅರ್ಜಿ ಕೊಡುವಾಗ ಒಂದು ಅರ್ಜಿಗೆ ಒಂದೇ ತಪ್ಪು ಬರೆಯಿರಿ. ರಸ್ತೆ, ಅಳತೆ, ಬಾಕಿ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಒಂದಕ್ಕೆ ದಾಖಲೆ ಸಾಲದೆಂದು ಮೂರೂ ನಿಲ್ಲುತ್ತವೆ. ಆಸ್ತಿಯ ಗುರುತಿನ ಸಂಖ್ಯೆ, ಕ್ರಯಪತ್ರದ ಪ್ರತಿ, ಇತ್ತೀಚಿನ ತೆರಿಗೆ ರಸೀದಿ, ಋಣಭಾರ ಪತ್ರ, ಆಧಾರ್, ಮನೆಯ ಫೋಟೊ ಲಗತ್ತಿಸಿ. ಮಾಲೀಕರು ತೀರಿಕೊಂಡಿದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ವರ್ಗಾವಣೆ, ಆಗಬೇಕು, ಅದಿಲ್ಲದೆ ಉಳಿದ ತಿದ್ದುಪಡಿ ಮುಂದೆ ಸಾಗದು. ಗೊತ್ತಾದ ದಿನಗಳೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆಯ ವ್ಯಾಪ್ತಿಯ ಸೇವೆಯಾದರೆ ಸ್ವೀಕೃತಿ ಸಂಖ್ಯೆ ಪಡೆಯದೆ ಹಿಂದಿರುಗಬೇಡಿ, ಮಿಕ್ಕದ್ದಕ್ಕೆ ಟಪಾಲು ವಿಭಾಗದಲ್ಲಿ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ‘ಬಿಟ್ಟು ಹೋಗಿ, ನೋಡ್ತೀವಿ’ ಎಂದಲ್ಲಿಗೆ ಕಾಗದ ಮುಗಿದ ಹಾಗೆ. ಇಲ್ಲಿ ಒಂದೂವರೆ ಅಂಕ ಕೊಟ್ಟದ್ದು ಈ ಕಾರಣಕ್ಕೇ: ಬಿಲ್ ಹೆಚ್ಚಿಸುವ ತಪ್ಪು ಒಂದು ಕ್ಲಿಕ್ಕಿನಲ್ಲಿ ಆಗುತ್ತದೆ, ಅದನ್ನು ಇಳಿಸಲು ಬಿಲ್ ಕಲೆಕ್ಟರ್, ಕಂದಾಯ ನಿರೀಕ್ಷಕ, ಕಂದಾಯ ಅಧಿಕಾರಿ ಎಂದು ಮೂರು ಮೆಟ್ಟಿಲು.

ಕಟ್ಟುವ ಕಡೆ ಮಾತ್ರ ದೂರಲು ಹೆಚ್ಚೇನಿಲ್ಲ. ಆನ್‌ಲೈನ್ ಇದೆ, ಚಲನ್ ತೆಗೆದು ಬ್ಯಾಂಕಿನಲ್ಲೂ ಕಟ್ಟಬಹುದು. ಏಪ್ರಿಲ್‌ನಲ್ಲಿ ಇಡೀ ವರ್ಷದ್ದು ಕಟ್ಟಿದರೆ ಶೇ. 5 ರಿಯಾಯಿತಿ, ಮೇ-ಜೂನ್‌ನಲ್ಲಿ ಅಸಲು, ಜುಲೈನಿಂದ ತಿಂಗಳಿಗೆ ಶೇ. 2 ದಂಡ. ಉದಾಹರಣೆಯ ಮನೆಗೆ ರಿಯಾಯಿತಿ ಇನ್ನೂರು ರೂಪಾಯಿ ಆಸುಪಾಸು. ಮಾರ್ಚ್‌ವರೆಗೆ ತಳ್ಳಿದರೆ ಒಂಬತ್ತು ತಿಂಗಳಿಗೆ 72ರಂತೆ 648 ದಂಡ. ವರ್ಷಕ್ಕೆ ಶೇ. 24 ಎಂದರೆ ಯಾವ ಗೃಹಸಾಲದ ಬಡ್ಡಿಯೂ ಇದರ ಹತ್ತಿರ ಬಾರದು. ತಿದ್ದುಪಡಿ ಅರ್ಜಿ ಹಾಕಿದ್ದೇವೆಂದು ಹಣ ಹಿಡಿದುಕೊಳ್ಳುವವರು ಇಲ್ಲೇ ಎಡವುತ್ತಾರೆ. ಏಪ್ರಿಲ್‌ನಲ್ಲೇ ‘ಆಕ್ಷೇಪಣೆ ಸಲ್ಲಿಸಿ ಕಟ್ಟಿರುತ್ತೇನೆ’ ಎಂದು ಅರ್ಜಿಯಲ್ಲಿ ಬರೆದು ಕಟ್ಟಿಬಿಡಿ, ಹೆಚ್ಚು ಕಟ್ಟಿದ್ದನ್ನು ಮುಂದಿನ ವರ್ಷಕ್ಕೆ ಹೊಂದಿಸಲು ಕೇಳಿ. ತಿದ್ದುಪಡಿ ಅರ್ಜಿಗೆ ಸರಿಯಾದ ಕಾಲ ಡಿಸೆಂಬರ್-ಜನವರಿ. ಏಪ್ರಿಲ್‌ನಲ್ಲಿ ಕಂದಾಯ ಶಾಖೆ ಚಲನ್ ಕೊಡುವುದರಲ್ಲೇ ಮುಳುಗಿರುತ್ತದೆ.

ಬಿ-ಖಾತಾದವರಿಗೆ, ಅಂದರೆ ಅನುಮೋದನೆಯಿಲ್ಲದ ಬಡಾವಣೆಯಲ್ಲಿ ಆಸ್ತಿ ಇರುವವರಿಗೆ, ಒಂದು ಮಾತು. ಮೊದಲ ಬಾರಿ ದುಪ್ಪಟ್ಟು ತೆರಿಗೆ ಕಟ್ಟಿಸಿಕೊಂಡು ಖಾತೆ ಕೊಡುವ ಅಭಿಯಾನ 2025ರಲ್ಲಿ ನಡೆಯಿತು. ತೆರಿಗೆ ಕಟ್ಟಿದ ರಸೀದಿ ಬಡಾವಣೆಯನ್ನು ಸಕ್ರಮ ಮಾಡುವುದಿಲ್ಲ. ಬ್ರೋಕರ್ ಹಾಗೆಂದರೆ ನಂಬಬೇಡಿ.

ಇನ್ನು ಕಟ್ಟಿದ ಹಣ ಬೀದಿಯಲ್ಲಿ ಕಾಣುವುದಕ್ಕೆ ಕೊಟ್ಟ ಎರಡು ಅಂಕದ ವಿಷಯ. ಬೈಯುವ ಮುಂಚೆ ಯಾರ ಬಾಗಿಲು ಎಂದು ತಿಳಿದಿರಲಿ. ಬಿ.ಎಚ್. ರಸ್ತೆಯ ಗುಂಡಿಗೆ ಮನೆ ಕಂದಾಯ ಹೊಣೆಯಲ್ಲ, ಅದು ರಾಷ್ಟ್ರೀಯ ಹೆದ್ದಾರಿಯ ಭಾಗ. ತುಂಗಾ ನಾಲೆಯ ಹೂಳು ನೀರಾವರಿಯವರದ್ದು. 2016ರಲ್ಲಿ ನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಬಂದ ರಸ್ತೆ, ಪಾದಚಾರಿ ಮಾರ್ಗ, ನದೀತೀರದ ಕೆಲಸಕ್ಕೆ ಹಣ ಬಂದದ್ದು ಕೇಂದ್ರ-ರಾಜ್ಯದಿಂದ. ಆದರೆ ಅವುಗಳ ನಿರ್ವಹಣೆ ಕೊನೆಗೆ ಬೀಳುವುದು ಪಾಲಿಕೆಯ ಸ್ವಂತ ಆದಾಯದ ಮೇಲೆ. ಕಂದಾಯದಿಂದ ನಿರೀಕ್ಷಿಸಬೇಕಾದ್ದು ಸರಳ: ಬೀದಿ ದೀಪ, ಬೀದಿ ಗುಡಿಸುವುದು, ಕಸದ ಗಾಡಿ, ಬಡಾವಣೆಯ ಚರಂಡಿ, ಉದ್ಯಾನ. ಇದರಲ್ಲಿ ಶಿವಮೊಗ್ಗದ ಮಟ್ಟಿಗೆ ಪರೀಕ್ಷೆಯ ವಿಷಯ ಚರಂಡಿ ಒಂದೇ. ಜೂನ್ ಮೊದಲ ವಾರ ಮುಂಗಾರು ಹಿಡಿದ ಮೇಲೆ ಹೂಳೆತ್ತಿ ದಂಡೆಯ ಮೇಲೆ ರಾಶಿ ಹಾಕಿದರೆ ಮೂರನೇ ಮಳೆಗೆ ಅದು ಚರಂಡಿಯೊಳಗೇ ವಾಪಸ್. ಕೆಲಸ ಆಗಬೇಕಾದ್ದು ಮೇ ತಿಂಗಳಲ್ಲಿ, ತೆಗೆದ ಹೂಳು ಹೋಗಬೇಕಾದ್ದು ಅದೇ ದಿನ. ಕಾಂಕ್ರೀಟ್ ಹಲಗೆ ಮುಚ್ಚಿದ ಹೊಸ ಚರಂಡಿಗಳಲ್ಲಿ ನೀರು ಇಳಿಯುವ ಬಾಯಿಗೆ ತರಗೆಲೆ, ಪ್ಲಾಸ್ಟಿಕ್ ಕಟ್ಟಿಕೊಂಡರೆ ಒಳಗೆ ಚರಂಡಿ ಖಾಲಿ, ಮೇಲೆ ರಸ್ತೆ ಹೊಳೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದ್ದು ಬೇರೆ ಮಾತು, ಅದಕ್ಕೆ ಯಾವ ಚರಂಡಿಯೂ ಸಾಲದು. ಆದರೆ ಅರ್ಧ ಗಂಟೆ ಜಡಿಮಳೆಗೆ ಮೊಣಕಾಲುದ್ದ ನಿಲ್ಲುವ ನೀರಿಗೆ ಆ ನೆಪ ಹೇಳುವಂತಿಲ್ಲ.

ಕೇಳಲು ಜಾಗವೂ ಕಿರಿದಾಗಿದೆ. 2018ರಲ್ಲಿ ಆಯ್ಕೆಯಾದ ಪಾಲಿಕೆಯ ಅವಧಿ 2023ರಲ್ಲಿ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋಯಿತು. ವಾರ್ಡಿನ ಸದಸ್ಯರಿಗೆ ಫೋನ್ ಮಾಡಿ ಗದರಿಸುವ ದಾರಿ ಇಲ್ಲದಾಗ ಉಳಿಯುವುದು ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ‘ನಮ್ಮ ವಾರ್ಡಿಗೆ ಏನು ಮಾಡಿದಿರಿ’ ಎಂದು ಕೇಳಿದರೆ ಎರಡು ಸಾಲಿನ ಉತ್ತರ ಬರುತ್ತದೆ. ಬದಲಿಗೆ ವಾರ್ಡ್ ಸಂಖ್ಯೆ ಹಾಕಿ ಕಳೆದ ಆರ್ಥಿಕ ವರ್ಷದ ಆಸ್ತಿ ತೆರಿಗೆ ಬೇಡಿಕೆ, ವಸೂಲಿ, ಬಾಕಿ ಪಟ್ಟಿ ಎಂದು ಒಂದು ಅರ್ಜಿಯಲ್ಲಿ, ಚರಂಡಿ ಹೂಳೆತ್ತಲು ಕೊಟ್ಟ ಕಾರ್ಯಾದೇಶದ ಪ್ರತಿ, ಅಳತೆ ಪುಸ್ತಕದ ಪುಟಗಳು ಎಂದು ಇನ್ನೊಂದರಲ್ಲಿ ಕೇಳಿ. ಅಳತೆ ಪುಸ್ತಕದಲ್ಲಿ ಎಷ್ಟು ಮೀಟರ್ ಚರಂಡಿ, ಯಾವ ದಿನಾಂಕ ಎಂದು ಬರೆದಿರುತ್ತದೆ. ಆ ಹಾಳೆ ಹಿಡಿದು ಬೀದಿ ನಡೆದು ನೋಡಲು ಹತ್ತು ನಿಮಿಷ ಸಾಕು.