ಚಿತ್ರಸಂತೆಗೆಂದು ಕೊಂಡ ಆರಂಗುಲದ ಕ್ಯಾನ್ವಾಸುಗಳು

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ಚಿತ್ರಸಂತೆಗೆ ಈ ಸಲ ದೊಡ್ಡ ಚಿತ್ರಗಳನ್ನು ಹೊತ್ತೊಯ್ಯದೆ, ಆರಂಗುಲ ಉದ್ದ, ಆರಂಗುಲ ಅಗಲದ ಸಣ್ಣ ಚಿತ್ರಗಳನ್ನು ಮಾತ್ರ ಮಾಡಿಕೊಂಡು ಹೋಗುವುದೆಂದು ನಿರ್ಧರಿಸಿದ್ದೆ. ಮನೆಗೊಂದು ಕಲಾಕೃತಿ ಇರಲಿ ಎಂಬ ಆಶಯದ ಸಂತೆ ಅದು. ಬಾಡಿಗೆ ಮನೆಯ ಗೋಡೆಗೆ ಏನಾದರೊಂದು ಬೇಕೆಂದು ಬರುವವರಿಗೂ ಮುದ್ರಿತ ಪ್ರತಿಯಲ್ಲದ, ಕೈಯಿಂದಲೇ ಬರೆದ ಚಿತ್ರ ಸಿಗಬೇಕೆಂಬುದು ನನ್ನ ಬಹುದಿನದ ಆಸೆ. ಅದಕ್ಕಾಗಿ ಕೊಂಡ ಸಿದ್ಧ ಕ್ಯಾನ್ವಾಸುಗಳು ಹೇಗಿದ್ದವೆಂದು, ಇದೇ ಕೆಲಸಕ್ಕೆ ಕೈಹಾಕಲಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ನಾನು ಕೊಂಡದ್ದು ಅಂಗಡಿಯವರು ಗ್ಯಾಲರಿ ರ‍್ಯಾಪ್ ಎಂದು ಕರೆಯುವ ಬಗೆ. ಸಾಮಾನ್ಯ ಸ್ಟ್ರೆಚ್ಡ್ ಕ್ಯಾನ್ವಾಸಿನಲ್ಲಿ ಬಟ್ಟೆಯನ್ನು ಮರದ ಚೌಕಟ್ಟಿನ ಪಕ್ಕಕ್ಕೆ ಎಳೆದು ಅಲ್ಲಿಯೇ ಮೊಳೆ ಹೊಡೆದಿರುವುದುಂಟು. ಇದರಲ್ಲಿ ಬಟ್ಟೆ ಪಕ್ಕಗಳನ್ನೂ ಸುತ್ತಿಕೊಂಡು ಹಿಂದಕ್ಕೆ ಹೋಗುವುದರಿಂದ ಸ್ಟೇಪಲ್ ಪಿನ್ನುಗಳೆಲ್ಲ ಬೆನ್ನಿನಲ್ಲಿ ಅಡಗಿರುತ್ತವೆ. ಚೌಕಟ್ಟಿನ ದಪ್ಪ ಒಂದೂವರೆ ಅಂಗುಲ, ಬಟ್ಟೆ 280 ಜಿ.ಎಸ್.ಎಂ. (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಹತ್ತಿ, ಮೇಲೆ ಗೆಸ್ಸೊ, ಅಂದರೆ ಬಣ್ಣ ಹಿಡಿಯಲೆಂದು ಹಾಕುವ ಬಿಳಿಯ ತಳಲೇಪ, ಬಳಿದು ಸಿದ್ಧಪಡಿಸಿದ್ದು. ಒಂದಕ್ಕೆ 110 ರೂಪಾಯಿಯಂತೆ 24 ತಂದೆ. ಇದೇ ಅಳತೆಯ ಕ್ಯಾನ್ವಾಸ್ ಬೋರ್ಡು (ರಟ್ಟಿಗೆ ಬಟ್ಟೆ ಅಂಟಿಸಿದ್ದು) 45 ರೂಪಾಯಿಗೆ ಸಿಗುತ್ತಿತ್ತು ನಿಜ, ಆದರೆ ಬೋರ್ಡಿಗೆ ಫ್ರೇಮು ಹಾಕಿಸದೆ ಗೋಡೆಗೆ ತೂಗುಹಾಕುವಂತಿಲ್ಲ, ಫ್ರೇಮಿಗೆ ನಮ್ಮ ಬಡಾವಣೆಯಲ್ಲಿ 250 ರೂಪಾಯಿಗೆ ಕಡಿಮೆಯಿಲ್ಲ. 600 ರೂಪಾಯಿಗೆ ಮಾರಬೇಕೆಂದಿರುವ ಚಿತ್ರದಲ್ಲಿ ಅರ್ಧದಷ್ಟು ಹಣ ಬೋರ್ಡಿಗೂ ಫ್ರೇಮಿಗೂ ಹೋದರೆ ಚಿತ್ರ ಬರೆದವರಿಗೆ ಏನು ಉಳಿಯಿತು? ಸುತ್ತಿದ ಕ್ಯಾನ್ವಾಸಿಗೆ ಫ್ರೇಮಿನ ಹಂಗಿಲ್ಲ. ಮೊಳೆ ಹೊಡೆಯಲು ಮನೆಯ ಮಾಲೀಕರು ಬಿಡದಿದ್ದರೆ ಪುಸ್ತಕದ ಕಪಾಟಿನ ಮೇಲೆ ಹಾಗೆಯೇ ನಿಲ್ಲಿಸಬಹುದು, ಆ ದಪ್ಪಕ್ಕೆ ಅದು ಬೀಳುವುದಿಲ್ಲ.

ಪಕ್ಕಗಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆರಂಗುಲದ ಚಿತ್ರದಲ್ಲಿ ಒಂದೂವರೆ ಅಂಗುಲದ ನಾಲ್ಕು ಪಕ್ಕಗಳನ್ನು ಕೂಡಿಸಿದರೆ ಮುಖದಷ್ಟೇ ಜಾಗವಾಗುತ್ತದೆ: ಎರಡೂ 36 ಚದರ ಅಂಗುಲ. ಅವನ್ನು ಬಿಳಿಯಾಗಿ ಬಿಟ್ಟರೆ ಚಿತ್ರ ಅರ್ಧಕ್ಕೇ ನಿಂತಂತೆ ಕಾಣುತ್ತದೆ. ನಾನು ಬರೆದ ಮಳೆಮರದ ಚಿತ್ರದಲ್ಲಿ ಒಂದು ಕೊಂಬೆಯನ್ನು ಬಲ ಅಂಚಿನಾಚೆಗೆ ತಿರುಗಿಸಿ ಪಕ್ಕದಲ್ಲಿ ಎಲೆಗಳನ್ನು ಮುಗಿಸಿದ್ದೆ. ಕೈಗೆತ್ತಿಕೊಂಡವರೆಲ್ಲ ಮೊದಲು ತಿರುಗಿಸಿ ನೋಡಿದ್ದು ಆ ಪಕ್ಕವನ್ನೇ. ಒದ್ದೆ ಬಣ್ಣ ಮೇಜಿಗೆ ಅಂಟದಿರಲು, ಬೆನ್ನಿನ ನಾಲ್ಕು ಮೂಲೆಗಳ ಮರಕ್ಕೆ ಒಂದೊಂದು ಪುಷ್ ಪಿನ್ ಚುಚ್ಚಿ, ಕಾಲುಮಣೆಯಂತೆ ನಿಲ್ಲಿಸಿಕೊಂಡು ಬರೆಯುವುದು ಅನುಕೂಲ.

ಇನ್ನು ಬಟ್ಟೆ. ಹೊದಿಕೆಯ ಮೇಲೆ ಮೂರು ಪದರ ಗೆಸ್ಸೊ ಎಂದಿದ್ದರೂ ನೇಯ್ಗೆಯ ಉಬ್ಬುತಗ್ಗು ಬೆರಳಿಗೆ ಸ್ಪಷ್ಟವಾಗಿ ತಗಲುತ್ತಿತ್ತು. ಮೂರಡಿಯ ಚಿತ್ರದಲ್ಲಿ ಇದೇನೂ ತೊಡಕಲ್ಲ, ಬಣ್ಣಕ್ಕೆ ಹಿಡಿತವೇ ಸಿಗುತ್ತದೆ. ಆದರೆ ಬಸವನಗುಡಿಯ ಹಳೆಯ ಮನೆಯ ಕಿಟಕಿ ಸರಳನ್ನು ಅರ್ಧ ಅಂಗುಲದೊಳಗೆ ಎಳೆಯಹೊರಟಾಗ, ಕುಂಚದ ತುದಿ ಒಂದೊಂದು ನೂಲಿನ ಮೇಲೂ ಹಾರಿ ಗೆರೆ ಚುಕ್ಕಿಚುಕ್ಕಿಯಾಗಿ ಒಡೆಯಿತು. ಆಮೇಲೆ ಉಳಿದವಕ್ಕೆಲ್ಲ ಇನ್ನೆರಡು ಪದರ ಗೆಸ್ಸೊ ಬಳಿದು, ಒಣಗಿದ ಮೇಲೆ 400ನೇ ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿದೆ. ಈ ಕೆಲಸಕ್ಕೆ ಒಂದು ಇಡೀ ದಿನ ಹಿಡಿಯಿತು, ಆದರೆ ಗೆರೆ ನಿಂತಿತು. ಮೈಸೂರು ಶೈಲಿಯಲ್ಲಿ ಗಟ್ಟಿ ಲೇಪದಿಂದ ಉಬ್ಬುಕೆಲಸ ಮಾಡಿ ಚಿನ್ನದ ಹಾಳೆ ಅಂಟಿಸುವವರು ಮಾತ್ರ ಈ ಕ್ಯಾನ್ವಾಸಿಗೆ ಬಾರದಿರುವುದೇ ಒಳ್ಳೆಯದು. ಬೆರಳಿನಿಂದ ಒತ್ತಿದರೆ ಒಳಸರಿಯುವ ಬಟ್ಟೆಯ ಮೇಲೆ ಆ ಲೇಪ ಬಿರುಕು ಬಿಡುತ್ತದೆ, ಅದಕ್ಕೆ ಹಲಗೆಯೇ ಸರಿ.

ನನ್ನ ದೊಡ್ಡ ದೂರು ಮರದ ಬಗ್ಗೆ. 24ರಲ್ಲಿ 3 ಕ್ಯಾನ್ವಾಸುಗಳ ಚೌಕಟ್ಟು ತಿರುಚಿಕೊಂಡಿತ್ತು. ಮೇಜಿನ ಗಾಜಿನ ಮೇಲೆ ಅಂಗಾತ ಇಟ್ಟರೆ ಒಂದು ಮೂಲೆ ಅಕ್ಕಿಕಾಳಿನಷ್ಟು ಮೇಲೆದ್ದು ಟಕಟಕನೆ ಸದ್ದು ಮಾಡುತ್ತಿತ್ತು. ಬಟ್ಟೆ ಸಡಿಲವಾಗಿದ್ದರೆ ಬೆನ್ನಿಗೆ ನೀರು ಚಿಮುಕಿಸಿ ಒಣಗಿಸಿದರೆ ಬಿಗಿಯಾಗುತ್ತದೆ. ಮರ ತಿರುಚಿದ್ದಕ್ಕೆ ಅಂಥ ಮದ್ದಿಲ್ಲ. ಗೋಡೆಗೆ ಸರಿಯಾಗಿ ಕೂರದ ಚಿತ್ರವನ್ನು ಹಣ ಪಡೆದು ಕೊಡಲು ನನಗೆ ಮನಸ್ಸು ಬರಲಿಲ್ಲ, ಅವನ್ನು ಬಣ್ಣ ಪರೀಕ್ಷಿಸಲು ಇಟ್ಟುಕೊಂಡೆ. ಇನ್ನೂ ಕೆಲವದರಲ್ಲಿ ಮೂಲೆಯ ಮಡಿಕೆ ದಪ್ಪವಾಗಿ ಗಂಟುಕಟ್ಟಿತ್ತು. ಹೋಲಿಸಿ ನೋಡಲೆಂದು ಹಳೆಯದೊಂದು ಫ್ರೇಮಿನಂಗಡಿಯಲ್ಲಿ 180 ರೂಪಾಯಿಯಂತೆ ನಾಲ್ಕು ಕಟ್ಟಿಸಿದ್ದೆ. ಅವುಗಳ ಮೂಲೆಗಳು ಹೊಸ ಪುಸ್ತಕಕ್ಕೆ ಬೈಂಡು ಹಾಕಿದಷ್ಟು ಅಚ್ಚುಕಟ್ಟು. ಆದರೂ ಈ ಅಳತೆಗೆ, ಈ ಬೆಲೆಗೆ ಮಾರುವವರಿಗೆ ಸಿದ್ಧ ಕ್ಯಾನ್ವಾಸೇ ಸಾಕು ಎನ್ನುತ್ತೇನೆ. ಒಂದಡಿ ದಾಟಿದರೆ ಕಟ್ಟಿಸಿಕೊಳ್ಳುವುದೇ ಲೇಸು.

ಬಣ್ಣಕ್ಕೆ ಅಕ್ರಿಲಿಕ್ಕನ್ನೇ ಬಳಸಿದೆ. ದಪ್ಪ ತೈಲವರ್ಣ ಒಳಗೊಳಗೆ ಒಣಗಿ ವಾರ್ನಿಷಿಗೆ ಸಿದ್ಧವಾಗಲು ತಿಂಗಳುಗಟ್ಟಲೆ ಬೇಕು, ಜನವರಿಯ ಸಂತೆಗೆ ಮಳೆಗಾಲದಲ್ಲೇ ಬರೆದು ಮುಗಿಸಿರಬೇಕಾಗುತ್ತದೆ. ಅಕ್ರಿಲಿಕ್ ಬೇಗ ಒಣಗುತ್ತದೆಂದು ನಂಬಿ ಒಂದರ ಮುಖಕ್ಕೆ ಇನ್ನೊಂದರ ಮುಖ ತಾಗಿಸಿ ಕಟ್ಟಬಾರದು. ಬಿಸಿಲಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎರಡು ವರ್ಷದ ಹಿಂದೆ ಬಬಲ್ ರ‍್ಯಾಪನ್ನು ನೇರವಾಗಿ ಸುತ್ತಿ, ಒಂದು ಚಿತ್ರದ ಆಕಾಶದ ತುಂಬ ಗುಳ್ಳೆಯ ಗುರುತು ಮೂಡಿದ್ದು ಇನ್ನೂ ಮನಸ್ಸನ್ನು ಕೊರೆಯುತ್ತದೆ. ಈ ಸಲ ಮೊದಲು ಬಟರ್ ಪೇಪರ್, ಆಮೇಲೆ ರಟ್ಟು.

ಒಂದು ಚಿತ್ರಕ್ಕೆ ಕ್ಯಾನ್ವಾಸು 110, ಬಣ್ಣ ಸುಮಾರು 40, ವಾರ್ನಿಷು 15, ಕಟ್ಟುವ ಸಾಮಾನು 25, ಒಟ್ಟು 190 ರೂಪಾಯಿ ಖರ್ಚು. 600ಕ್ಕೆ ಮಾರಿದರೆ 410 ಉಳಿಯುತ್ತದೆ, ಅದು ಮೂರು ಗಂಟೆಯ ದುಡಿಮೆಗೆ. ಇದಕ್ಕಿಂತ ಕಡಿಮೆ ಬೆಲೆ ಹೇಳಬಾರದೆಂದು ಹೊಸಬರಿಗೆ ಒತ್ತಿ ಹೇಳುತ್ತೇನೆ, ಸಂಜೆಯಾಗುತ್ತಲೇ 300ಕ್ಕೆ ಇಳಿಸಿದರೆ ಪಕ್ಕದ ಮಳಿಗೆಯವರ ಹೊಟ್ಟೆಗೂ ಪೆಟ್ಟು. ಒಯ್ದ 21ರಲ್ಲಿ 16 ಮಾರಾಟವಾದವು. ಒಬ್ಬ ತಾಯಿ ಚಿತ್ರವನ್ನು ಮಗುಚಿ, ಬೆನ್ನಿನ ಪಿನ್ನುಗಳ ಮೇಲೆ ಬೆರಳಾಡಿಸಿ, ‘ಗೋಡೆ ಗೀರುವುದಿಲ್ಲ ತಾನೆ?’ ಎಂದು ಕೇಳಿದರು. ಎರಡು ಪಿನ್ನುಗಳು ನಿಜಕ್ಕೂ ಮೇಲೆದ್ದಿದ್ದವು. ಸುತ್ತಿಗೆ ಇರಲಿಲ್ಲ, ಕಲ್ಲಿನಿಂದ ತಟ್ಟಿ ಕೂರಿಸಿ ಕೊಟ್ಟೆ.

ಮುಂದಿನ ಸಂತೆಗೆ ಇದೇ ಬಗೆಯ 30 ಬೇಕೆಂದು ಅಂಗಡಿಗೆ ಹೇಳಿಬಂದಿದ್ದೇನೆ. ಹಣ ಕೊಡುವ ಮುನ್ನ ಪ್ರತಿಯೊಂದನ್ನೂ ಹೊದಿಕೆ ಬಿಚ್ಚಿ ಗಾಜಿನ ಮೇಲಿಟ್ಟು ನೋಡುತ್ತೇನೆಂದೆ, ಅವರು ಒಪ್ಪಿದ್ದಾರೆ.