ಸೊಳ್ಳೆ ಅರೆದು ನೋಡುವ ಡೆಂಗಿ ಕಿಟ್: ಶಹಾಪುರದಲ್ಲಿ ಬಳಸಿದ ಮೇಲೆ

ಶಹಾಪುರದ ಓಣಿಗಳಲ್ಲಿ ಸೊಳ್ಳೆ ಹಿಡಿಯುವುದೇ ನನ್ನ ಕೆಲಸ. ಈ ಮಳೆಗಾಲ ಡೆಂಗಿ ವೈರಸ್ಸಿನ ಎನ್‌ಎಸ್‌1 ಎಂಬ ಪ್ರೋಟೀನನ್ನು ಪತ್ತೆ ಮಾಡುವ ಕಿಟ್ ಬಳಸಿದೆ. ಇದು ಜನರ ರಕ್ತಕ್ಕೆಂದು ಮಾಡಿದ್ದು. ಆದರೆ ಸೊಳ್ಳೆಯಲ್ಲಿರುವ ಆ ಪ್ರೋಟೀನನ್ನೂ ಹಿಡಿಯುತ್ತದೆ. ನೀರಿನ ತೊಟ್ಟಿಯ ಹತ್ತಿರ ಸಿಕ್ಕ ಡೆಂಗಿ ಹರಡುವ ಹತ್ತು ಹೆಣ್ಣು ಈಡಿಸ್ ಸೊಳ್ಳೆಗಳನ್ನು (ಕಚ್ಚುವುದು ಹೆಣ್ಣೇ ಅಲ್ವಾ) ಬಫರ್ ಎಂಬ ದ್ರಾವಣದಲ್ಲಿ ಅರೆದು, ಮೇಲಿನ ತಿಳಿಯನ್ನು ಕಿಟ್‌ಗೆ ಹನಿ ಹನಿಯಾಗಿ ಹಾಕಿದೆ. 20 ನಿಮಿಷಕ್ಕೆ ಎರಡು ಗೆರೆ, ಅಂದರೆ ಸೊಳ್ಳೆಯಲ್ಲಿ ಡೆಂಗಿ ಇದೆ! ಅದೇ ಸಂಜೆ ಓಣಿಯ ತೊಟ್ಟಿಗಳನ್ನೆಲ್ಲ ಖಾಲಿ ಮಾಡಿಸಿ ತಿಕ್ಕಿಸಿದೆವು.

ಎರಡನೇ ಗೆರೆ ತುಂಬಾ ಮಸುಕು, ಹಗಲು ಬೆಳಕಲ್ಲೇ ನೋಡಬೇಕು. ಕಿಟ್ 30 ಡಿಗ್ರಿ ದಾಟಬಾರದು. ನಮ್ಮ ಬಿಸಿಲಿಗೆ ಐಸ್ ಡಬ್ಬಿ ಬೇಕೇ ಬೇಕು. ಬೈಕ್ ಡಿಕ್ಕಿಯಲ್ಲಿಟ್ಟು ಐದು ಕಿಟ್ ಹಾಳಾದವು, ಕಿಟ್ ಸರಿಯಿದೆ ಎಂದು ತೋರಿಸುವ ಮೊದಲ ಗೆರೆಯೇ (ಕಂಟ್ರೋಲ್ ಗೆರೆ) ಬರಲಿಲ್ಲ. ಎರಡನೇ ಗೆರೆ ಬಂದರೆ ಖಚಿತಪಡಿಸಿಕೊಳ್ಳಲು ಲ್ಯಾಬಿನಲ್ಲಿ ಪಿಸಿಆರ್ (ವೈರಸ್ಸಿನ ವಂಶವಾಹಿಯನ್ನೇ ಹುಡುಕುವ ಪರೀಕ್ಷೆ) ಕೂಡ ಮಾಡಿಸಿ.